ಖಿನ್ನತೆ ಎಂದರಷ್ಟೇ ಸಾಲದು, ಯಾವ ಖಿನ್ನತೆ ಎಂದೂ ಕೇಳಬೇಕು

ಮಾನ್ಯ ಸಂಪಾದಕರೇ,

ಖಿನ್ನತೆಯ ಬಗ್ಗೆ ಪತ್ರಿಕೆಗಳು ಈಗ ಮೊದಲಿಗಿಂತ ಹೆಚ್ಚು ಬರೆಯುತ್ತಿವೆ. ಸಂತೋಷ. ನನ್ನ ತಕರಾರು ಒಂದೇ: ಬಹುಪಾಲು ಬರಹಗಳಲ್ಲಿ ಅದು ಒಂದೇ ಕಾಯಿಲೆ, ಲಕ್ಷಣ ಇಷ್ಟು, ಮದ್ದು ಇಷ್ಟು ಎಂಬಂತೆ ಬರುತ್ತದೆ. ಜ್ವರ ಎಂದರೆ ಯಾವ ಜ್ವರ ಎಂದು ಯಾರಾದರೂ ಕೇಳುತ್ತಾರೆ. ಖಿನ್ನತೆ ಎಂದರೆ ಯಾರೂ ಕೇಳುವುದಿಲ್ಲ. ಚಿಕಿತ್ಸೆ ಎಡವುವುದು ಬಹಳ ಸಲ ಇಲ್ಲೇ. ಮಾತ್ರೆ ಕೆಟ್ಟದ್ದಲ್ಲ, ರೋಗಿ ಮೊಂಡನೂ ಅಲ್ಲ. ಒಂದು ಬಗೆಯ ಖಿನ್ನತೆಗೆ ಕೊಡಬೇಕಾದದ್ದನ್ನು ಇನ್ನೊಂದಕ್ಕೆ ಕೊಟ್ಟಿರುತ್ತಾರೆ.

ಎಲ್ಲ ಬಗೆಗಳಿಗೂ ತಳಹದಿಯಾದ ಅಳತೆ ಹೀಗಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಒಂಬತ್ತು ಲಕ್ಷಣಗಳನ್ನು ಹೇಳುತ್ತದೆ: ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹಸಿವು ಅಥವಾ ತೂಕದ ಏರುಪೇರು, ನಿದ್ದೆಯ ಏರುಪೇರು, ಮೈಚಲನೆ, ಮಾತು ನಿಧಾನವಾಗುವುದು ಇಲ್ಲವೇ ಕೂತಲ್ಲಿ ಕೂರಲಾಗದ ಚಡಪಡಿಕೆ, ಸುಸ್ತು, ತಾನು ಯಾತಕ್ಕೂ ಬಾರದವನು ಅಥವಾ ತಪ್ಪಿತಸ್ಥ ಎಂಬ ಭಾವ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ ಐದು ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ ಇರಬೇಕು. ಮೊದಲ ಎರಡರಲ್ಲಿ ಒಂದಂತೂ ಇರಲೇಬೇಕು. ಅಳುವುದು ಇಲ್ಲಿ ಪ್ರತ್ಯೇಕ ಲಕ್ಷಣವಾಗಿ ಇಲ್ಲ ಎಂಬುದನ್ನು ಗಮನಿಸಿ. ‘ಬೇಜಾರೇನಿಲ್ಲ, ಏನೂ ಅನ್ನಿಸ್ತಾ ಇಲ್ಲ ಅಷ್ಟೆ’ ಎನ್ನುವವರಿಗೂ ತೀವ್ರ ಖಿನ್ನತೆ ಇರಬಹುದು. ಅಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅಂಥವರು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದೇ ಒಂಬತ್ತನ್ನು ಪ್ರಶ್ನೆಗಳಾಗಿಸಿದ್ದು 2001ರ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27. 10 ಅಥವಾ ಹೆಚ್ಚು ಬಂದರೆ ಸರಿಯಾಗಿ ಪರೀಕ್ಷಿಸಬೇಕು, 20 ಅಥವಾ ಹೆಚ್ಚಾದರೆ ತೀವ್ರ. ಮೊಬೈಲ್‌ನಲ್ಲಿ ಇದನ್ನು ತಾವೇ ತುಂಬಿ ‘ನನಗೆ 18 ಬಂತು’ ಎನ್ನುವವರು ಈಗ ಬಹಳ. ಇದು ಥರ್ಮಾಮೀಟರ್ ಮಾತ್ರ. ತಾಪ ಎಷ್ಟೆಂದು ಹೇಳುತ್ತದೆ, ಯಾವ ಜ್ವರವೆಂದು ಹೇಳುವುದಿಲ್ಲ. ಬೈಪೋಲಾರ್, ಅಂದರೆ ಒಮ್ಮೆ ಉನ್ಮಾದ ಒಮ್ಮೆ ಖಿನ್ನತೆ ಬರುವ ಕಾಯಿಲೆ, ಇರುವವರಿಗೂ 18 ಬರುತ್ತದೆ, ಥೈರಾಯ್ಡ್ ಕುಸಿದವರಿಗೂ 18 ಬರುತ್ತದೆ. ಇನ್ನು ಸಾವಿನ ಯೋಚನೆಯ ಕುರಿತ ಒಂಬತ್ತನೆಯ ಪ್ರಶ್ನೆಗೆ 1 ಬಂದಿದ್ದರೂ ಒಟ್ಟು ಅಂಕ ನೋಡುತ್ತ ಕೂರಬಾರದು, ಮೊದಲು ಅದನ್ನು ಬಿಡಿಸಿ ಕೇಳಬೇಕು.

ಈಗ ಬಗೆಗಳಿಗೆ ಬರೋಣ. ಹಳೆಯ ಕಾಲದಿಂದ ವೈದ್ಯರು ಗುರುತಿಸುತ್ತ ಬಂದದ್ದು ಮೆಲಂಕೋಲಿಯಾ. ನಸುಕಿನಲ್ಲಿ, ಎಂದಿಗಿಂತ ಎರಡು ಗಂಟೆ ಮೊದಲೇ, ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಹತ್ತುವುದಿಲ್ಲ. ದಿನದ ಅತಿ ಕೆಟ್ಟ ಹೊತ್ತು ಅದೇ. ಸಂಜೆಯಾಗುತ್ತ ಕೊಂಚ ಹಗುರ. ಹಸಿವು ಸತ್ತಿರುತ್ತದೆ, ತೂಕ ಇಳಿದಿರುತ್ತದೆ. ಪ್ರಶ್ನೆ ಕೇಳಿದರೆ ಉತ್ತರ ಬರಲು ಹೊತ್ತಾಗುತ್ತದೆ, ಬಂದರೂ ಎರಡು ಮಾತು. ಒಳ್ಳೆಯ ಸುದ್ದಿ ಹೇಳಿದರೂ ಮುಖದಲ್ಲಿ ಗೆರೆ ಕದಲುವುದಿಲ್ಲ. ಇಂಥವರಿಗೆ ‘ಹೊರಗೆ ಸುತ್ತಾಡಿ ಬಾ, ಸರಿಹೋಗುತ್ತೆ’ ಎನ್ನುವುದು ಕಾಲು ಮುರಿದವರಿಗೆ ಓಡು ಎಂದಂತೆ. ಇಲ್ಲಿ ಮಾತ್ರೆಯನ್ನು ಮುಂದೂಡಬಾರದು. ಊಟ, ನೀರನ್ನೇ ಬಿಟ್ಟಿದ್ದರೆ ಆಸ್ಪತ್ರೆಗೆ ಸೇರಿಸಬೇಕು.

ಇದರ ತದ್ವಿರುದ್ಧದ್ದು ಏಟಿಪಿಕಲ್ ಖಿನ್ನತೆ. ಹೆಸರಿಗೆ ‘ಅಸಾಮಾನ್ಯ’, ಆದರೆ ಅಪರೂಪವೇನಲ್ಲ. ನಿದ್ದೆ ಹೆಚ್ಚು, ದಿನಕ್ಕೆ ಹತ್ತು ಗಂಟೆಯಾದರೂ ಸಾಲದು, ತಿನ್ನುವುದು ಹೆಚ್ಚು, ಕೈಕಾಲಿಗೆ ಸೀಸ ಕಟ್ಟಿದ ಹಾಗೆ ಭಾರ, ಯಾರಾದರೂ ಸಣ್ಣಗೆ ತಳ್ಳಿಹಾಕಿದರೂ ತಡೆಯಲಾಗದ ನೋವು. ಮುಖ್ಯ ವ್ಯತ್ಯಾಸವೆಂದರೆ ಖುಷಿಯ ಸುದ್ದಿ ಬಂದರೆ ಇವರ ಮನಸ್ಸು ಆ ಹೊತ್ತಿಗೆ ಅರಳುತ್ತದೆ. ಗೆಳೆಯರು ಬಂದಾಗ ನಕ್ಕರಲ್ಲ, ಹಾಗಾದರೆ ಇದೆಲ್ಲ ನಾಟಕ ಎಂದು ಮನೆಯವರು ತೀರ್ಮಾನಿಸುವುದು ಇಲ್ಲೇ. ನಾಟಕವಲ್ಲ, ಈ ಬಗೆಯ ಗುರುತೇ ಅದು. ಜೊತೆಗೆ ಒಂದು ಎಚ್ಚರಿಕೆ: ಈ ಚಿತ್ರದ ಹಿಂದೆ ಬೈಪೋಲಾರ್ ಅಡಗಿರುವ ಸಾಧ್ಯತೆ ಹೆಚ್ಚು.

ಅತಿ ಹೆಚ್ಚು ತಪ್ಪಾಗುವುದು ಈ ಬೈಪೋಲಾರ್ ಖಿನ್ನತೆಯಲ್ಲಿ, ಹಾಗಾಗಿ ಇದನ್ನು ತುಸು ಬಿಡಿಸಿ ಹೇಳಬೇಕು. ಬೈಪೋಲಾರ್ ಎಂದರೆ ಜನ ಉನ್ಮಾದದ ಕೂಗಾಟವನ್ನಷ್ಟೇ ನೆನೆಯುತ್ತಾರೆ. ವಾಸ್ತವದಲ್ಲಿ ಕಾಯಿಲೆಯ ಹೆಚ್ಚು ದಿನಗಳು ಕಳೆಯುವುದು ಖಿನ್ನತೆಯಲ್ಲೇ, ರೋಗಿ ವೈದ್ಯರ ಬಳಿ ಬರುವುದೂ ಆಗಲೇ. ಆ ದಿನ ನೋಡಿದರೆ ಮಾಮೂಲಿ ಖಿನ್ನತೆಗೂ ಇದಕ್ಕೂ ವ್ಯತ್ಯಾಸ ಕಾಣದು. ವ್ಯತ್ಯಾಸ ಇರುವುದು ಹಿಂದಿನ ದಿನಗಳಲ್ಲಿ. ಕೇಳಬೇಕಾದ ಪ್ರಶ್ನೆ: ಯಾವಾಗಲಾದರೂ ಸತತ ನಾಲ್ಕು ದಿನ ಅಥವಾ ಹೆಚ್ಚು, ಮೂರು ನಾಲ್ಕು ಗಂಟೆ ಮಲಗಿಯೂ ದಣಿವೇ ಇಲ್ಲದೆ, ಮಾತು, ಯೋಚನೆ, ಖರ್ಚು, ಯೋಜನೆ ಎಲ್ಲವೂ ಒಮ್ಮೆಗೇ ಏರಿದ್ದುಂಟೇ? ನಾಲ್ಕು ದಿನವಾದರೆ ಹೈಪೋಮೇನಿಯಾ, ಅಂದರೆ ಹಗುರ ಉನ್ಮಾದ. ಒಂದು ವಾರ ಇದ್ದರೆ ಅಥವಾ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಮೇನಿಯಾ, ಅಂದರೆ ಪೂರ್ಣ ಉನ್ಮಾದ. ಇಲ್ಲಿ ಒಂದು ಸೂಕ್ಷ್ಮ ಇದೆ. ನಿದ್ದೆ ಬಾರದಿರುವುದು ಬೇರೆ, ನಿದ್ದೆ ಬೇಡವಾಗುವುದು ಬೇರೆ. ನಿದ್ದೆ ಬಾರದವನು ಮರುದಿನ ಬಾಡಿಹೋಗಿರುತ್ತಾನೆ. ನಿದ್ದೆ ಬೇಡವಾದವನು ನಸುಕಿನಲ್ಲಿ ಎದ್ದು ಇಡೀ ಮನೆಯ ಕಪಾಟು ಖಾಲಿಮಾಡಿ ಜೋಡಿಸುತ್ತಿರುತ್ತಾನೆ.

ಈ ಪ್ರಶ್ನೆಯನ್ನು ರೋಗಿಯನ್ನು ಮಾತ್ರ ಕೇಳಿದರೆ ಉತ್ತರ ಸಿಗುವುದಿಲ್ಲ. ಅವರ ನೆನಪಿನಲ್ಲಿ ಅವು ‘ನಾನು ಚೆನ್ನಾಗಿದ್ದ ದಿನಗಳು’. ಜೊತೆಗಿದ್ದವರನ್ನು ಕೇಳಬೇಕು. ಮೊದಲ ಖಿನ್ನತೆ 25 ವರ್ಷಕ್ಕೆ ಮುಂಚೆಯೇ ಬಂದಿದ್ದರೆ, ಮತ್ತೆ ಮತ್ತೆ ಮರುಕಳಿಸಿದ್ದರೆ, ರಕ್ತಸಂಬಂಧಿಗಳಲ್ಲಿ ಬೈಪೋಲಾರ್ ಇದ್ದರೆ, ಹೆರಿಗೆಯಾದ ಬೆನ್ನಿಗೇ ಶುರುವಾಗಿದ್ದರೆ, ಖಿನ್ನತೆಯ ಮಾತ್ರೆ ಶುರುಮಾಡಿದ ಎರಡು ಮೂರು ದಿನಕ್ಕೇ ಉತ್ಸಾಹ ಉಕ್ಕಿದ್ದರೆ ಅನುಮಾನ ಬರಬೇಕು. ಬೈಪೋಲಾರ್‌ಗೆ ಬರಿ ಖಿನ್ನತೆ ನಿವಾರಕವನ್ನೇ ಕೊಟ್ಟರೆ ಮನಸ್ಸು ನೇರ ಉನ್ಮಾದಕ್ಕೆ ಜಿಗಿಯಬಹುದು, ಅಥವಾ ಏರಿಳಿತಗಳ ನಡುವಿನ ಅಂತರ ಕಿರಿದಾಗಬಹುದು. ಇಲ್ಲಿ ಬಳಸುವವು ಕ್ವೆಟಿಯಾಪಿನ್, ಲುರಾಸಿಡೋನ್, ಲಿಥಿಯಂ, ಲ್ಯಾಮೊಟ್ರಿಜಿನ್‌ನಂಥವು.

ಒಂದೊಂದಕ್ಕೂ ಅದರದೇ ಶಿಸ್ತು ಉಂಟು. ಲ್ಯಾಮೊಟ್ರಿಜಿನ್ ದಿನಕ್ಕೆ 25 ಮಿಲಿಗ್ರಾಂ ಎರಡು ವಾರ, 50 ಮಿಲಿಗ್ರಾಂ ಎರಡು ವಾರ, ಆಮೇಲೆ ಮೆಲ್ಲಗೆ ಮೇಲಕ್ಕೆ. ಬೈಪೋಲಾರ್‌ಗೆ ಕೊಡುವ ಇನ್ನೊಂದು ಮಾತ್ರೆ ವಾಲ್ಪ್ರೊಯೇಟ್ ಜೊತೆಗಿದ್ದರೆ ಇದರ ಅರ್ಧ. ಅವಸರಪಟ್ಟರೆ ಜೀವಕ್ಕೇ ಅಪಾಯ ತರುವ ಚರ್ಮದ ಬೊಬ್ಬೆಗಳು ಏಳಬಹುದು. ಐದಾರು ದಿನ ಮಾತ್ರೆ ತಪ್ಪಿದ್ದರೆ ಬಿಟ್ಟ ಡೋಸ್‌ನಿಂದಲೇ ಮತ್ತೆ ಶುರುಮಾಡದೆ ವೈದ್ಯರನ್ನು ಕೇಳಬೇಕು. ಬಹುಶಃ 25ರಿಂದಲೇ ಹತ್ತಬೇಕಾಗುತ್ತದೆ. ಲಿಥಿಯಂ ತೆಗೆದುಕೊಳ್ಳುವವರ ರಕ್ತ ಪರೀಕ್ಷೆಗೆ ಕೊನೆಯ ಮಾತ್ರೆ ನುಂಗಿ ಸರಿಯಾಗಿ 12 ಗಂಟೆಯಾಗಿರಬೇಕು. ಬೆಳಗಿನ ಮಾತ್ರೆ ನುಂಗಿ ಲ್ಯಾಬ್‌ಗೆ ಹೋದರೆ ಲೆಕ್ಕ ಸುಳ್ಳಾಗುತ್ತದೆ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್‌ನ ಆಸುಪಾಸು ಇರಬೇಕು. ವಾಂತಿಭೇದಿಯಾದಾಗ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದಾಗ ಅದು ಏರಿ ಕೈನಡುಕ, ತೂರಾಟ, ತೊದಲು ಶುರುವಾಗಬಹುದು. ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್ಪ್ರೊಯೇಟ್ ಬರೆದಿದ್ದರೆ ಬೇರೆ ದಾರಿ ಇಲ್ಲವೇ ಎಂದು ಕೇಳುವ ಹಕ್ಕು ಅವರಿಗಿದೆ, ಅದು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ.

‘ಅವನ ಸ್ವಭಾವವೇ ಹಾಗೆ’ ಎಂಬ ಮಾತಿನಡಿ ಹೂತುಹೋಗಿರುವುದು ಡಿಸ್ತೈಮಿಯಾ, ಅಂದರೆ ದೀರ್ಘಕಾಲದ ಖಿನ್ನತೆ. ತೀವ್ರತೆ ಕಡಿಮೆ, ಆದರೆ ಕನಿಷ್ಠ ಎರಡು ವರ್ಷ, ಮಕ್ಕಳಲ್ಲಿ ಒಂದು ವರ್ಷ, ನಡುವೆ ಎರಡು ತಿಂಗಳಿಗಿಂತ ಹೆಚ್ಚು ಬಿಡುವಿಲ್ಲದೆ ಇರುತ್ತದೆ. ಕೆಲಸಕ್ಕೆ ಹೋಗುತ್ತಾರೆ, ಸಂಸಾರ ನಡೆಸುತ್ತಾರೆ, ಎಲ್ಲವೂ ಮಂಕು. ಇದರ ಮೇಲೆ ತೀವ್ರ ಖಿನ್ನತೆ ಬಂದು ಕೂತರೆ ಜೋಡಿ ಖಿನ್ನತೆ. ಚಿಕಿತ್ಸೆ ಕೊಟ್ಟಾಗ ಮೇಲಿನದು ಇಳಿದು ಮನುಷ್ಯ ಹಳೆಯ ಮಂಕಿಗೆ ಮರಳುತ್ತಾನೆ. ‘ಮೊದಲಿನ ಹಾಗಾದ’ ಎಂದು ಮನೆಯವರು, ಕೆಲವೊಮ್ಮೆ ವೈದ್ಯರೂ, ಅಲ್ಲಿಗೇ ನಿಲ್ಲಿಸುತ್ತಾರೆ. ಮೊದಲಿನದೂ ಕಾಯಿಲೆಯೇ ಆಗಿತ್ತು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಭ್ರಮೆ ಬೆರೆತ ಖಿನ್ನತೆಯ ಚಿತ್ರವೇ ಬೇರೆ. ದುಡ್ಡೆಲ್ಲ ಹೋಯಿತು, ನಾಳೆ ಬೀದಿಪಾಲು ಎನ್ನುತ್ತಾರೆ. ಬ್ಯಾಂಕಿನ ಪುಸ್ತಕ ತೆರೆದು ತೋರಿಸಿದರೂ ‘ಅದು ಸುಳ್ಳು ಲೆಕ್ಕ’ ಎನ್ನುತ್ತಾರೆ. ಕರುಳು ಕೊಳೆತಿದೆ, ಪೊಲೀಸರು ಹಿಡಿಯಲು ಬರುತ್ತಾರೆ, ಮಾಡಿದ ಪಾಪಕ್ಕೆ ಕ್ಷಮೆಯಿಲ್ಲ ಎಂಬ ನಂಬಿಕೆಗಳೂ ಇದೇ ಜಾತಿಯವು. ವಾದ ಮಾಡಿ ಗೆಲ್ಲಲಾಗುವುದಿಲ್ಲ, ಮಾಡಲೂಬೇಡಿ. ಇಲ್ಲಿ ಖಿನ್ನತೆ ನಿವಾರಕ ಒಂದೇ ಸಾಲದು, ಭ್ರಮೆ ತಗ್ಗಿಸುವ ಔಷಧಿಯೂ ಜೊತೆಗೆ ಬೇಕು, ಇಲ್ಲವೇ ಇಸಿಟಿ, ಅಂದರೆ ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ. ಆತ್ಮಹತ್ಯೆಯ ಅಪಾಯ ಹೆಚ್ಚಿರುವ ಬಗೆ ಇದು, ಒಬ್ಬರನ್ನೇ ಬಿಡಬಾರದು.

ಹೆರಿಗೆಯ ನಂತರದ್ದನ್ನು ಮೂರಾಗಿ ಒಡೆದು ನೋಡಬೇಕು. ಮೂರರಿಂದ ಐದನೆಯ ದಿನದ ಹೊತ್ತಿಗೆ ಅಳು ನುಗ್ಗಿ ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ, ಮದ್ದು ಬೇಡ, ಕೈಗೆ ಆಸರೆ ಬೇಕು. ಎರಡು ವಾರ ದಾಟಿದರೆ ಖಿನ್ನತೆಯೇ ಎಂದು ಪರೀಕ್ಷಿಸಬೇಕು. ಹಾಲುಣಿಸುವ ತಾಯಿಗೆ ನಿದ್ದೆಗೆಡುವುದು ಸಹಜ, ಹಾಗಾಗಿ ನಿದ್ದೆ ಬರುತ್ತಾ ಎಂದು ಕೇಳಿ ಉಪಯೋಗವಿಲ್ಲ. ‘ಮಗು ಮಲಗಿರುವಾಗ, ಬೇರೆಯವರು ನೋಡಿಕೊಳ್ಳುತ್ತಿರುವಾಗ, ನಿನಗೆ ನಿದ್ದೆ ಹತ್ತುತ್ತದೆಯೇ?’ ಎಂದು ಕೇಳಿ. ಆಗಲೂ ಇಲ್ಲ ಎಂದರೆ ಅದು ಲಕ್ಷಣ. 1987ರ ಎಡಿನ್‌ಬರೋ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳಿಗೆ ಐದು ನಿಮಿಷ ಸಾಕು. ಮಾತ್ರೆ ತಿಂದರೆ ಮೊಲೆಹಾಲು ಬಿಡಿಸಬೇಕು ಎಂಬುದು ಬಹುಮಟ್ಟಿಗೆ ತಪ್ಪು ತಿಳಿವಳಿಕೆ. ಖಿನ್ನತೆಯ ಮಾತ್ರೆಯಾದ ಸರ್ಟ್ರಲಿನ್ ಹಾಲಿಗೆ ಬಹಳ ಕಡಿಮೆ ಸೇರುತ್ತದೆ. ಮೂರನೆಯದು ಸಾವಿರಕ್ಕೆ ಒಂದೆರಡು ತಾಯಂದಿರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ಕಾಣುವ ಮನೋವಿಕಾರ: ನಿದ್ದೆಯೇ ಇಲ್ಲ, ಗೊಂದಲ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ. ನಾಳೆ ನೋಡೋಣ ಎನ್ನಬಾರದು, ಅಂದೇ ಆಸ್ಪತ್ರೆ.

ಮುಟ್ಟಿಗೆ ಒಂದು ವಾರ ಮುಂಚೆ ಕುಸಿದು, ಮುಟ್ಟು ಶುರುವಾದ ಕೆಲವೇ ದಿನಕ್ಕೆ ತಿಳಿಯಾಗುವ ಬಗೆಯೂ ಇದೆ. ಎರಡು ತಿಂಗಳು ದಿನಾ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದರೆ ಮಾತ್ರ ಖಚಿತ. ನೆನಪು ಇಲ್ಲಿ ಮೋಸ ಮಾಡುತ್ತದೆ. ಇದಕ್ಕೆ ಮಾತ್ರೆಯನ್ನು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಕೊಡುವ ಕ್ರಮವೂ ಉಂಟು. ಋತುಮಾನದ ಖಿನ್ನತೆಯನ್ನು ವೈದ್ಯಲೋಕ ವಿವರಿಸಿದ್ದು 1984ರಲ್ಲಿ. ಭೂಮಧ್ಯರೇಖೆಯಿಂದ ದೂರ, ಚಳಿಗಾಲದ ಹಗಲು ತೀರ ಚಿಕ್ಕದಿರುವ ಕಡೆ ಹೆಚ್ಚು. ಬೆಳಿಗ್ಗೆ ಎದ್ದೊಡನೆ 10,000 ಲಕ್ಸ್ ಬೆಳಕಿನ ಮುಂದೆ ಅರ್ಧ ಗಂಟೆ ಕೂರುವುದು ಇದರ ಚಿಕಿತ್ಸೆ.

ವಯಸ್ಸಾದವರು ‘ಮನಸ್ಸು ಸರಿ ಇಲ್ಲ’ ಎನ್ನುವುದಿಲ್ಲ. ಹೊಟ್ಟೆ ಉರಿ, ಮೈಕೈ ನೋವು, ಮರೆವು ಎನ್ನುತ್ತಾರೆ. ಮರೆವಿನ ಕಾಯಿಲೆಯೋ ಖಿನ್ನತೆಯೋ ಎಂಬ ಗೊಂದಲದಲ್ಲಿ ಒಂದು ಸುಳಿವು: ಖಿನ್ನತೆ ಇರುವವರು ಪ್ರಯತ್ನಿಸದೆಯೇ ‘ಗೊತ್ತಿಲ್ಲ’ ಎಂದುಬಿಡುತ್ತಾರೆ, ತಮಗೆ ಮರೆವೆಂದು ತಾವೇ ದೂರುತ್ತಾರೆ, ಡಿಮೆನ್ಷಿಯಾ ಇರುವವರು ಏನೋ ಒಂದು ಉತ್ತರ ಕೊಟ್ಟು, ಏನೂ ಆಗಿಲ್ಲ ಎನ್ನುತ್ತಾರೆ. ಸುಳಿವು ಅಷ್ಟೆ, ಎರಡೂ ಒಟ್ಟಿಗಿರಬಹುದು. ಇವರಿಗೆ ಡೋಸ್ ಅರ್ಧದಿಂದ ಶುರು. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಲ್ಲಿ ಖಿನ್ನತೆಯ ಮಾತ್ರೆ ಸೋಡಿಯಂ ಇಳಿಸಿ ಗೊಂದಲ, ಬೀಳುವಿಕೆ ತರಬಹುದು. ಮೊದಲ ಕೆಲವು ವಾರಗಳಲ್ಲೇ ಸೋಡಿಯಂ ನೋಡಬೇಕು. ಹದಿಹರೆಯದವರಲ್ಲಿ ಬೇಸರದ ಬದಲು ಸಿಡುಕು ಎದ್ದು ಕಾಣುತ್ತದೆ.

ಯಾವ ಬಗೆ ಎಂದು ಹೆಸರಿಡುವ ಮುಂಚೆ ದೇಹವನ್ನೂ ನೋಡಬೇಕು: ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ. ಪಾರ್ಕಿನ್ಸನ್, ಪಾರ್ಶ್ವವಾಯು, ಸ್ಟೀರಾಯ್ಡ್ ಮಾತ್ರೆಗಳು ಖಿನ್ನತೆ ತರಬಲ್ಲವು. ಮದ್ಯವಂತೂ ಸರಿಯೇ: ವಿಪರೀತ ಕುಡಿಯುವವರಲ್ಲಿ ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಖಿನ್ನತೆ ತಾನಾಗಿ ಇಳಿಯುವುದುಂಟು.

ಮಾತ್ರೆಯ ವಿಚಾರದಲ್ಲಿ ಸೋಲುವುದು ಹೆಚ್ಚಾಗಿ ಕ್ಯಾಲೆಂಡರ್‌ನಲ್ಲಿ. ಸರ್ಟ್ರಲಿನ್ ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ 200ರವರೆಗೆ, ಎಸ್ಸಿಟಲೊಪ್ರಾಮ್ 10ರಿಂದ 20ರವರೆಗೆ. ಮೊದಲ ವಾರ ವಾಕರಿಕೆ, ತಲೆನೋವು, ಚಡಪಡಿಕೆ. ಲಾಭ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಅಂದರೆ ತೊಂದರೆ ಮೊದಲು, ಗುಣ ಆಮೇಲೆ. ಇದನ್ನು ಮೊದಲ ದಿನವೇ ಹೇಳದಿದ್ದರೆ ರೋಗಿ ಹತ್ತನೆಯ ದಿನಕ್ಕೆ ಮಾತ್ರೆ ಬಿಟ್ಟು, ‘ನನಗೆ ಔಷಧಿ ಒಗ್ಗಲಿಲ್ಲ’ ಎಂದು ಜೀವನಪೂರ್ತಿ ನಂಬುತ್ತಾನೆ. ಸರಿಯಾದ ಡೋಸ್‌ನಲ್ಲಿ ನಾಲ್ಕು ವಾರವಾದರೂ ಕಿಂಚಿತ್ತೂ ಬದಲಾಗದಿದ್ದರೆ ಡೋಸ್ ಏರಿಸಬೇಕು, ಇಲ್ಲವೇ ಮಾತ್ರೆ ಬದಲಿಸಬೇಕು; ಅದೇ ಚೀಟಿಯನ್ನು ಆರು ತಿಂಗಳು ನಕಲು ಮಾಡುವುದು ಚಿಕಿತ್ಸೆಯಲ್ಲ. ಮೊದಲ ಮಾತ್ರೆಗೇ ಪೂರ್ತಿ ಗುಣವಾಗುವವರು ಸುಮಾರು ಮೂರರಲ್ಲಿ ಒಬ್ಬರು. ಎರಡನೆಯದಕ್ಕೆ ಹೋಗುವುದು ಸೋಲಲ್ಲ.

ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಅದೇ ಡೋಸ್ ಮುಂದುವರಿಸಬೇಕು. ಪದೇ ಪದೇ ಮರುಕಳಿಸಿದವರಿಗೆ ಎರಡು ವರ್ಷ ಅಥವಾ ಹೆಚ್ಚು. ನಿಲ್ಲಿಸುವಾಗ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ, ಹಂತಹಂತವಾಗಿ ಇಳಿಸಬೇಕು. ಪ್ಯಾರಾಕ್ಸೆಟಿನ್, ವೆನ್ಲಫ್ಯಾಕ್ಸಿನ್ ಒಮ್ಮೆಗೇ ಬಿಟ್ಟರೆ ಎರಡು ಮೂರು ದಿನದಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಸಿಡಿಮಿಡಿ. ಇದನ್ನು ಕಾಯಿಲೆ ಮರಳಿತೆಂದೋ ಮಾತ್ರೆಯ ಚಟವೆಂದೋ ತಪ್ಪು ತಿಳಿಯುತ್ತಾರೆ. ಕಾಯಿಲೆ ಮರಳುವುದು ವಾರಗಳು ಕಳೆದು, ಮೆಲ್ಲಗೆ. ದಿನಗಳಲ್ಲೇ ಬಂದದ್ದು ಬಿಡುವಿಕೆಯ ತೊಂದರೆ. ಲೈಂಗಿಕ ಆಸಕ್ತಿ ಕುಗ್ಗುವುದನ್ನು ರೋಗಿ ಬಾಯಿಬಿಡುವುದಿಲ್ಲ, ಸುಮ್ಮನೆ ಮಾತ್ರೆ ಬಿಡುತ್ತಾನೆ, ವೈದ್ಯರೇ ಕೇಳಬೇಕು. ಟ್ರಮಡಾಲ್ ನೋವಿನ ಮಾತ್ರೆಯನ್ನು ಇವುಗಳ ಜೊತೆ ಕೇಳದೆ ಸೇರಿಸಬಾರದು. ನಿದ್ದೆ ಮಾತ್ರೆ ಖಿನ್ನತೆಯ ಔಷಧಿಯೇ ಅಲ್ಲ.

ಹಗುರ ಮತ್ತು ಮಧ್ಯಮ ಖಿನ್ನತೆಯಲ್ಲಿ ಸಿಬಿಟಿಯಂಥ ಮಾತಿನ ಚಿಕಿತ್ಸೆ ಮಾತ್ರೆಗೆ ಸರಿಸಮ. ಆದರೆ ಅದು ಸಮಾಧಾನದ ಮಾತಲ್ಲ, ಧೈರ್ಯ ಹೇಳುವುದೂ ಅಲ್ಲ. ವಾರಕ್ಕೊಂದರಂತೆ 12ರಿಂದ 20 ಭೇಟಿ, ಮನೆಪಾಠ, ಗಂಟೆಗಂಟೆಗೆ ಏನು ಮಾಡಿದೆ, ಮನಸ್ಸು ಹೇಗಿತ್ತು ಎಂಬ ಬರಹ. ಮನಸ್ಸು ಬಂದಾಗ ಕೆಲಸ ಮಾಡುತ್ತೇನೆ ಎನ್ನುವುದನ್ನು ತಿರುಗಿಸಿ, ಕೆಲಸ ಮೊದಲು, ಮನಸ್ಸು ಹಿಂದಿನಿಂದ ಬರಲಿ ಎನ್ನುವುದು ಅದರ ಒಂದು ತಂತ್ರ. ಶುರು ಬಹಳ ಚಿಕ್ಕದಿರಬೇಕು: ಸ್ನಾನವಲ್ಲ, ಹಾಸಿಗೆ ಬಿಟ್ಟು ಕುರ್ಚಿಗೆ ಬಂದು ಹತ್ತು ನಿಮಿಷ ಕೂರುವುದು. ಎರಡು ಭೇಟಿಗೇ ‘ಕೌನ್ಸೆಲಿಂಗ್ ಆಯ್ತು, ಏನೂ ಆಗಲಿಲ್ಲ’ ಎನ್ನುವುದು ಎರಡೇ ಮಾತ್ರೆ ತಿಂದು ಬಿಟ್ಟಂತೆ.

ಇಸಿಟಿ ಎಂದರೆ ಬೆಚ್ಚುವವರಿಗೆ ಎರಡು ಮಾತು. 1938ರಲ್ಲಿ ರೋಮ್‌ನಲ್ಲಿ ಶುರುವಾದಾಗ ಅರಿವಳಿಕೆ ಇರಲಿಲ್ಲ. ಇಂದಿನ ಸರಿಯಾದ ಕ್ರಮದಲ್ಲಿ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸಿ, ವಾರಕ್ಕೆ ಎರಡು ಮೂರು ಸಲ, ಒಟ್ಟು 6ರಿಂದ 12 ಬಾರಿ. ಆ ದಿನಗಳ ನೆನಪು ಮಸುಕಾಗುವುದು ನಿಜ, ಕೆಲವರಿಗೆ ಹಳೆಯ ನೆನಪಿನ ತುಣುಕುಗಳೂ ಹೋಗಬಹುದು. ಅದನ್ನು ಮುಚ್ಚಿಟ್ಟು ಒಪ್ಪಿಗೆ ಪಡೆಯಬಾರದು. ಊಟ ಬಿಟ್ಟವರಿಗೆ, ಭ್ರಮೆ ಬೆರೆತವರಿಗೆ, ಮರಗಟ್ಟಿದಂತೆ ಮೌನವಾದವರಿಗೆ ಇಷ್ಟು ಬೇಗ ಕೆಲಸ ಮಾಡುವ ಚಿಕಿತ್ಸೆಗಳು ಕಡಿಮೆ.

ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ನೇರವಾಗಿ ಕೇಳಿ. ಹೇಗೆ, ಯಾವಾಗ ಎಂದು ಯೋಚಿಸಿದ್ದಾರೆಂದರೆ ಅದು ತುರ್ತು: ಜೊತೆಗಿರಿ, ಅಪಾಯದ ವಸ್ತುಗಳನ್ನು ದೂರ ಇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಚಿಕಿತ್ಸೆಯ ಮೊದಲ ವಾರಗಳಲ್ಲಿ ಮನಸ್ಸಿಗಿಂತ ಮುಂಚೆ ಕೈಕಾಲಿಗೆ ಚೈತನ್ಯ ಮರಳುವುದುಂಟು. 25 ವರ್ಷಕ್ಕಿಂತ ಚಿಕ್ಕವರಲ್ಲಿ ಮಾತ್ರೆಯಿಂದಲೇ ಇಂಥ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯೂ ಇದೆ. ಹಾಗಾಗಿ ಮೊದಲ ತಿಂಗಳು ವಾರವಾರ ನೋಡಬೇಕು, ಮಾತ್ರೆಯೂ ವಾರದಷ್ಟೇ ಮನೆಯಲ್ಲಿರಬೇಕು, ಅದೂ ಇನ್ನೊಬ್ಬರ ಕೈಯಲ್ಲಿ.

ಕೊನೆಗೆ, ವೈದ್ಯರ ಬಳಿ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕಾದ್ದು. ಈ ಸಲ ಶುರುವಾದದ್ದು ಯಾವಾಗ, ಹಿಂದೆ ಎಷ್ಟು ಸಲ ಬಂದಿತ್ತು, ನಡುವೆ ನಿದ್ದೆ ಬೇಡವಾದ ದಿನಗಳು ಇದ್ದವೇ, ಈಗ ಮಲಗುವ ಮತ್ತು ಏಳುವ ಹೊತ್ತು, ಮನೆತನದಲ್ಲಿ ಯಾರಿಗಿತ್ತು, ಕುಡಿತ ಎಷ್ಟು, ಬೇರೆ ಕಾಯಿಲೆಗೆ ತಿನ್ನುತ್ತಿರುವ ಮಾತ್ರೆಗಳು. ಹಿಂದೆ ತಿಂದ ಖಿನ್ನತೆಯ ಮಾತ್ರೆಯ ಹೆಸರಿನ ಮುಂದೆ ಎಷ್ಟು ಮಿಲಿಗ್ರಾಂ, ಎಷ್ಟು ವಾರ ಎಂದು ಬರೆಯಿರಿ. ನೆನಪಿಲ್ಲದಿದ್ದರೆ ಹಳೆಯ ಚೀಟಿ, ಖಾಲಿ ಸ್ಟ್ರಿಪ್‌ಗಳನ್ನೇ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ‘ಮೂರು ಮಾತ್ರೆ ನೋಡಿದ್ದಾಯ್ತು, ಯಾವುದೂ ಹಿಡಿಸಲಿಲ್ಲ’ ಎಂದು ಬಂದವರ ಚೀಲದಲ್ಲಿ ಮೂರೂ ಅರ್ಧ ಡೋಸ್‌ನವು, ಯಾವುದೂ ಮೂರು ವಾರ ದಾಟಿಲ್ಲ ಎಂಬುದು ಆ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಹರಡಿದಾಗಲೇ ಗೊತ್ತಾಗುವುದು.

ಇಂತಿ,
ನಿಮ್ಮ ಓದುಗ, ಮನೋವೈದ್ಯ